ಹಳೇ ಗೋಡೆಗೆ ಹೊಸ ಕಿಟಕಿ

ನಮ್ಮ ಮನೆಯ ಕಿಟಕಿಗಳಿಗೆ ಪಂಚಾಂಗ ಗೊತ್ತು. ಮುಂಗಾರಿನ ಮೊದಲ ಜಡಿ ಹಿಡಿದೊಡನೆ ನಡುಮನೆಯ ಕದಗಳು ಉಬ್ಬಿಕೊಂಡು, ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತವೆ. ದೀಪಾವಳಿ ಕಳೆದು ಒಣಗಾಳಿ ಬೀಸುವವರೆಗೆ ಅವಕ್ಕೆ ಚಿಲಕದ ನೆನಪಿರುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಅದೇ ಕದಗಳು ಸೊರಗಿ, ಗಾಳಿ ಬಂದಾಗಲೆಲ್ಲ ಚೌಕಟ್ಟಿನೊಳಗೆ ಗಡಗಡ ಅಲ್ಲಾಡುತ್ತವೆ. ಅಡುಗೆಮನೆಯ ಕಿಟಕಿಯ ರೀತಿಯೇ ಬೇರೆ. ಅದನ್ನು ತೆಗೆಯಬೇಕಾದರೆ ಮೊದಲು ಕೆಳಗಿನ ಮೂಲೆಗೊಂದು ಗುದ್ದು, ಆಮೇಲೆ ಮೇಲಿನ ಮೂಲೆಗೆ ಅಂಗೈಯಲ್ಲೊಂದು ಒತ್ತು, ಕೊನೆಗೆ ಹಿಡಿಕೆಯನ್ನು ನಮ್ಮ ಕಡೆಗೆ ಎಳೆದು ತಕ್ಷಣ ಹೊರಕ್ಕೆ ತಳ್ಳಬೇಕು. ಈ ವಿದ್ಯೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನ್ನ ಹೆಂಡತಿಗೆ ಬಂದಿದೆ. ನನಗೆ ಒಲಿಯಲಿಲ್ಲ. ನಾನು ಕೈಹಾಕಿದರೆ ಹಿಡಿಕೆ ಮಾತ್ರ ಕೈಗೆ ಬರುತ್ತದೆ.

ಮನೆಯಿರುವುದು ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ. ತಾತ 1938ರಲ್ಲಿ ಕಟ್ಟಿಸಿದ್ದು. ಒಂಬತ್ತು ಅಂಗುಲದ ಇಟ್ಟಿಗೆಯನ್ನು ಒಂದೂವರೆ ಲೆಕ್ಕದಲ್ಲಿ ಕೂಡಿಸಿ ಎಬ್ಬಿಸಿದ ಹದಿಮೂರೂವರೆ ಅಂಗುಲದ ಗೋಡೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ಕಿಟಕಿಗಳು ಹದಿನಾರು. ಇಷ್ಟು ಸಣ್ಣ ಮನೆಗೆ ಇಷ್ಟೊಂದು ಕಿಟಕಿ ಯಾಕೆ ಎಂದು ಬಂದವರು ಕೇಳುತ್ತಾರೆ. ತಾತನ ಕಾಲದವರಿಗೆ ಕಿಟಕಿಯ ಹುಚ್ಚು ಹಿಡಿಯಲು ಕಾರಣವಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇಲಿಗಳ ಹಿಂದೆಯೇ ಜನರೂ ಸತ್ತರು. ಆಮೇಲೆ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡದ್ದೇ ಗಾಳಿ ಬೆಳಕಿನ ಹೆಸರಿನಲ್ಲಿ. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಓಣಿ, ಸುತ್ತ ಒಂದಿಷ್ಟು ಖಾಲಿ ಜಾಗ, ಕೋಣೆಗೆ ಎದುರುಬದುರು ಕಿಟಕಿ, ಅದೂ ಸಾಲದೆಂದು ಸೂರಿನ ಕೆಳಗೆ ವೆಂಟಿಲೇಟರು. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಊರಿಗೆ ಬಂದಿದ್ದರೂ, ಹಗಲು ಹೊತ್ತು ದೀಪ ಹಾಕಿದವರ ಮೇಲೆ ತಾತ ರೇಗುತ್ತಿದ್ದರಂತೆ: “ಕಿಟಕಿ ಇಡಿಸಿರೋದು ಯಾತಕ್ಕೆ?” ಅನುಕೂಲಸ್ಥರು ಕಿಟಕಿಯ ಮೇಲೆ ಮರದ ಜಾಲರಿಯ ಚೂಪು ಟೋಪಿಯನ್ನೂ ಹಾಕಿಸುತ್ತಿದ್ದರು. ಅದೇ ಬೆಂಗಳೂರಿನ ಪ್ರಸಿದ್ಧ ಮಂಕಿ ಟಾಪು. ತಾತನ ಬಜೆಟ್ಟು ಅಲ್ಲಿಯವರೆಗೆ ಹೋಗಲಿಲ್ಲ. ಹಾಗಾಗಿ ನಮ್ಮಲ್ಲಿ ಟಾಪಿಲ್ಲ, ಮಂಕಿಗಳು ಮಾತ್ರ ಬರುತ್ತವೆ.

ದಪ್ಪ ಗೋಡೆಯ ಒಂದು ಉಪಕಾರವನ್ನು ಇಲ್ಲಿ ಹೇಳಬೇಕು. ಚೌಕಟ್ಟನ್ನು ಗೋಡೆಯ ಹೊರ ಅಂಚಿನ ಕಡೆಗೆ ಕೂರಿಸಿರುವುದರಿಂದ ಪ್ರತಿ ಕಿಟಕಿಗೂ ಒಳಗಡೆ ಎಂಟು ಅಂಗುಲದ ಒಂದು ಕಟ್ಟೆ ಸಿಗುತ್ತದೆ. ರೆಡ್ ಆಕ್ಸೈಡ್ ಬಳಿದು ತಿಕ್ಕಿದ ಆ ಕಟ್ಟೆಗಳ ಮೇಲೆ ನಮ್ಮ ಸಂಸಾರ ಅರ್ಧ ಕೂತಿದೆ. ಅಪ್ಪನ ರೇಡಿಯೋ, ಕರೆಂಟ್ ಬಿಲ್ಲುಗಳು, ಬೀಗವಿಲ್ಲದ ಬೀಗದಕೈಗಳು, ಅಮ್ಮನ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ. ಚೌಕಟ್ಟಿನ ನಡುವೆ ನೆಟ್ಟಗೆ ನಿಂತ ಕಬ್ಬಿಣದ ಸರಳುಗಳಿವೆ. ಅವುಗಳ ನಡುವಿನ ಅಂತರವನ್ನು ಯಾವ ಲೆಕ್ಕದಲ್ಲಿ ಇಟ್ಟರೋ, ಒಂದು ಲೋಟ ನೇರವಾಗಿ ದಾಟುತ್ತದೆ, ತಟ್ಟೆಯನ್ನು ಓರೆ ಮಾಡಬೇಕು. ಆದ್ದರಿಂದ ನಮ್ಮಿಂದ ಪಕ್ಕದ ಮನೆಗೆ ಸಾರು ಲೋಟದಲ್ಲಿ ಹೋಗುತ್ತದೆ, ಒಬ್ಬಟ್ಟು ಮಡಿಚಿಕೊಂಡು ಹೋಗುತ್ತದೆ, ಕೋಸಂಬರಿ ಮಾತ್ರ ಮುಂಬಾಗಿಲಿನಿಂದ ಸುತ್ತಿಕೊಂಡು ಹೋಗಬೇಕು. ಮೂರು ತಲೆಮಾರಿನಿಂದ ನಡೆದುಬಂದ ಏರ್ಪಾಡು ಇದು.

ಇಷ್ಟಿದ್ದ ಮೇಲೆ ಬದಲಾಯಿಸುವ ಮಾತು ಯಾಕೆ ಬಂತು? ತಾತನ ರಸ್ತೆಯಲ್ಲಿ ಜಟಕಾ ಗಾಡಿ ಓಡುತ್ತಿತ್ತು. ನಮ್ಮ ರಸ್ತೆಯಲ್ಲಿ ಸಂಪಿಗೆ ರಸ್ತೆಯ ಜಾಮು ತಪ್ಪಿಸಿಕೊಳ್ಳಲು ನುಗ್ಗುವ ಎಲ್ಲವೂ ಓಡುತ್ತವೆ. ಎದುರುಗಡೆ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟು ಏಳುತ್ತಿದೆ. ಬೆಳಗ್ಗೆ ಸುಪ್ರಭಾತದ ಬದಲು ಟೈಲ್ಸ್ ಕೊಯ್ಯುವ ಮೆಷೀನು. ಧೂಳು ಎಷ್ಟೆಂದರೆ, ನನ್ನ ಹೆಂಡತಿ ಓದುವ ಮೇಜಿನ ಮೇಲೆ ಬೆರಳಲ್ಲಿ ಆ ದಿನದ ತಾರೀಖು ಬರೆದಿಡುತ್ತಾಳೆ. ನಾನು ಒರೆಸಿದೆನೋ ಇಲ್ಲವೋ ತಿಳಿಯಲು ಅದು ಸುಲಭ ಉಪಾಯ. ಸೊಳ್ಳೆಯದು ಇನ್ನೊಂದು ಕತೆ. ಹೊರಕ್ಕೆ ತೆರೆಯುವ ಕದ, ನಡುವೆ ಸರಳು. ಮೆಶ್ ಹಾಕುವುದಾದರೆ ಒಳಗೇ ಹಾಕಬೇಕು. ಒಳಗೆ ಹಾಕಿದರೆ ಚಿಲಕ ತೆಗೆಯಲು ಕೈ ಆಚೆ ಹೋಗುವುದಿಲ್ಲ. ವೆಲ್ಕ್ರೋ ಅಂಟಿಸಿದ ಬಲೆ ತಂದೆವು. ಅದು ಎರಡು ದಿನ ಸೊಳ್ಳೆಯನ್ನು ಹೊರಗಿಟ್ಟು, ಆಮೇಲೆ ಒಳಗೆ ಬಂದ ಸೊಳ್ಳೆಗಳು ಹೊರಗೆ ಹೋಗದಂತೆ ಕಾಯತೊಡಗಿತು.

ಕೊನೆಗೆ ಮಲಗುವ ಕೋಣೆಯ ಕಿಟಕಿಯ ಕೆಳಪಟ್ಟಿಗೆ ಹೆಂಡತಿ ಪೊರಕೆಯ ಹಿಡಿ ತಾಗಿಸಿದಾಗ ಹಿಡಿ ಒಳಕ್ಕೇ ಹೋಯಿತು. ಗೆದ್ದಲು. ಅಲ್ಲಿ ಮರವಿರಲಿಲ್ಲ; ಎಂಬತ್ತು ವರ್ಷ ಒಂದರ ಮೇಲೊಂದು ಬಳಿದ ಹಸಿರು ಬಣ್ಣವೇ ಚೌಕಟ್ಟಾಗಿ ನಿಂತಿತ್ತು.

ಶಿಕಾಗೋದಲ್ಲಿರುವ ತಂಗಿಯ ಗಂಡನಿಗೆ ವಿಡಿಯೋದಲ್ಲಿ ಇದನ್ನು ತೋರಿಸಿದೆ. ಅವರದೂ ಹಳೇ ಇಟ್ಟಿಗೆ ಮನೆಯೇ. 1910ರಿಂದ 1940ರವರೆಗೆ ಶಿಕಾಗೋದಲ್ಲಿ ಅಂಥ ಇಟ್ಟಿಗೆ ಬಂಗಲೆಗಳನ್ನು ಸುಮಾರು 80,000 ಕಟ್ಟಿದರು. ಅದರಲ್ಲೊಂದನ್ನು ಭಾವ ಸಾಲ ಮಾಡಿ ಕೊಂಡಿದ್ದಾರೆ. ಜನವರಿಯಲ್ಲಿ ಕೆಲವು ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಊರು. ಅಲ್ಲಿ ಕಿಟಕಿಯ ಕೆಲಸವೇ ಒಳಗಿನ ಬಿಸಿ ಸೋರದಂತೆ ನೋಡಿಕೊಳ್ಳುವುದು. ಅವರ ಹಳೇ ಕಿಟಕಿಗಳು ಮೇಲೆ ಕೆಳಗೆ ಜಾರುವಂಥವು. ಕದದ ತೂಕ ಸರಿದೂಗಿಸಲು ಚೌಕಟ್ಟಿನ ಪಕ್ಕದ ಟೊಳ್ಳಿನಲ್ಲಿ ಹಗ್ಗ ಕಟ್ಟಿದ ಎರಕದ ಕಬ್ಬಿಣದ ಗುಂಡುಗಳು ನೇತಾಡುತ್ತಿರುತ್ತವೆ. ಕಿಟಕಿ ಬದಲಾಯಿಸುವಾಗ ಆ ಗುಂಡುಗಳನ್ನು ತೆಗೆದು ಟೊಳ್ಳಿಗೆ ಚಳಿ ತಡೆಯುವ ಸಾಮಗ್ರಿ ತುಂಬದಿದ್ದರೆ, ಎರಡು ಪದರದ ಗಾಜಿನ ನಡುವೆ ಆರ್ಗಾನ್ ಅನಿಲ ತುಂಬಿಸಿ ದುಡ್ಡು ಸುರಿದದ್ದೂ ದಂಡ. ಚಳಿ ಪಕ್ಕದಿಂದ ಬರುತ್ತದೆ. ಭಾವ ಇದನ್ನೆಲ್ಲ ಬಲು ಉತ್ಸಾಹದಿಂದ ವಿವರಿಸಿದರು. ಹಳೇ ಬಣ್ಣ ಕೆರೆಯುವ ವಿಷಯ ಬಂದಾಗ ಮಾತ್ರ ಮುಖ ಗಂಭೀರವಾಯಿತು. ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿದರು; ಅದಕ್ಕೂ ಹಿಂದಿನ ಮನೆಯಾದರೆ ಕೆಲಸದವರು ಪ್ಲಾಸ್ಟಿಕ್ ಹಾಳೆ ಹಾಸಿ, ಮಾಸ್ಕ್ ಕಟ್ಟಿಕೊಂಡೇ ಕೈಹಾಕಬೇಕು. ನಮ್ಮಲ್ಲಿ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಬಂದದ್ದು 2016ರ ನಿಯಮದಲ್ಲಿ. ಅಂದರೆ ನಮ್ಮ ಹಸಿರು ಬಣ್ಣದ ಪದರಗಳಲ್ಲಿ ಏನೇನಿದೆಯೋ ಹೇಳುವಂತಿಲ್ಲ. ನಾವು ಚಿಕ್ಕವರಿದ್ದಾಗ ಆ ಬಣ್ಣದ ಚಕ್ಕೆಗಳನ್ನು ಉಗುರಲ್ಲಿ ಎಬ್ಬಿಸಿ ಒಟ್ಟುಮಾಡುವುದೇ ಒಂದು ಆಟ. ತಂಗಿಯ ಹತ್ತಿರ ನನಗಿಂತ ಹೆಚ್ಚಿದ್ದವು. ಭಾವನಿಗೆ ಅದನ್ನು ಹೇಳಲಿಲ್ಲ.

ಕಿಟಕಿಯ ಶೋರೂಮಿಗೆ ನೀವು ಹೋಗಿದ್ದೀರೋ ಇಲ್ಲವೋ. ಅಲ್ಲಿ ಗೋಡೆಯಿಲ್ಲದೆ ಕಿಟಕಿಗಳನ್ನು ನಿಲ್ಲಿಸಿರುತ್ತಾರೆ. ಒಂದನ್ನು ತೆರೆದು ಇಣುಕಿದರೆ ಇನ್ನೊಂದು ಕಿಟಕಿ ಕಾಣುತ್ತದೆ, ಅದನ್ನು ತೆರೆದರೆ ಕಾಫಿ ಮೆಷೀನು. ಟೈ ಕಟ್ಟಿದ ಹುಡುಗನೊಬ್ಬ ನಮ್ಮನ್ನು ಒಂದು ಪೆಟ್ಟಿಗೆಯ ಮುಂದೆ ಕರೆದುಕೊಂಡು ಹೋದ. ಪೆಟ್ಟಿಗೆಯೊಳಗೆ ಸ್ಪೀಕರು, ಸ್ಪೀಕರಿನಲ್ಲಿ ಲಾರಿ ಹಾರ್ನು. ಹುಡುಗ ಗಾಜಿನ ಕದ ಮುಚ್ಚಿದ, ಹಾರ್ನು ನಿಂತಿತು. ತೆರೆದ, ಬಂತು. ನನ್ನ ಹೆಂಡತಿ ಮತ್ತೊಮ್ಮೆ ಮುಚ್ಚಿಸಿ, ಕಣ್ಣು ಮುಚ್ಚಿಕೊಂಡು, ಸ್ವಲ್ಪ ಹೊತ್ತು ಹಾಗೇ ನಿಂತಳು. ಮದುವೆಯಾದಾಗಿನಿಂದ ಅವಳ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಕಂಡಿರಲಿಲ್ಲ. ವ್ಯಾಪಾರ ಅಲ್ಲಿಗೇ ಅರ್ಧ ಮುಗಿದಿತ್ತು.

ಹುಡುಗ ಹೇಳಿದ್ದೆಲ್ಲ ನಿಜವೇ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಉಬ್ಬುವುದಿಲ್ಲ, ಸೊರಗುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬಣ್ಣ ಬೇಡ. ಟೊಳ್ಳು ಕೋಣೆಗಳಿರುವ ಪ್ರೊಫೈಲು, ಒಳಗೆ ಗ್ಯಾಲ್ವನೈಸ್ ಮಾಡಿದ ಉಕ್ಕಿನ ಪಟ್ಟಿ, ಮೂಲೆಗಳನ್ನು ಕಾಯಿಸಿ ಬೆಸೆದಿರುತ್ತಾರೆ, ಸುತ್ತ ರಬ್ಬರ್ ಗ್ಯಾಸ್ಕೆಟ್ಟು. ಧೂಳು ಬರುವುದಿಲ್ಲ, ನೀರು ಬರುವುದಿಲ್ಲ, ಸದ್ದು ಬರುವುದಿಲ್ಲ, ಸೊಳ್ಳೆ ಬರುವುದಿಲ್ಲ. ಕೇಳುತ್ತ ಕೇಳುತ್ತ ನನಗೊಂದು ವಿಷಯ ಹೊಳೆಯಿತು: ಅವನು ಹೊಗಳುತ್ತಿದ್ದದ್ದೆಲ್ಲ ಮುಚ್ಚಿದ ಕಿಟಕಿಯ ಗುಣಗಳು. “ತೆಗೆದಿಟ್ಟರೆ ಹೇಗಪ್ಪಾ?” ಎಂದೆ. ಅವನಿಗೆ ಆಶ್ಚರ್ಯವಾಯಿತು. “ಯಾಕ್ ಸಾರ್ ತೆಗೀಬೇಕು? ಒಂದು ಎಸಿ ಹಾಕಿಸಿಬಿಡಿ.” ಜಾರುವ ಕಿಟಕಿಯನ್ನು ಎಷ್ಟೇ ತೆರೆದರೂ ಅರ್ಧ ಮಾತ್ರ ತೆರೆಯುತ್ತದೆ, ಇನ್ನರ್ಧಕ್ಕೆ ಯಾವಾಗಲೂ ಗಾಜು ಅಡ್ಡ ಎಂಬುದನ್ನು ನಾನೇ ಕದ ಜಾರಿಸಿ ಕಂಡುಕೊಂಡೆ. ಪ್ಲೇಗಿನ ಭಯದಲ್ಲಿ ಹದಿನಾರು ಕಿಟಕಿ ಇಡಿಸಿದ ತಾತ ಈಗ ಬದುಕಿದ್ದರೆ ಎಂಟನ್ನು ವಾಪಸು ಕೇಳುತ್ತಿದ್ದರು.

ಹುಡುಗ ಸ್ಯಾಂಪಲ್ ತುಂಡು ಹಿಡಿದು ಮನೆಗೂ ಬಂದ. ಅಮ್ಮ ಅದನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ ನೋಡಿ, “ಬಚ್ಚಲುಮನೆ ಬಕೆಟ್ಟಿನ ಸದ್ದು ಬರತ್ತಲ್ಲೋ” ಎಂದಳು. ಇದು ಮಾಮೂಲಿ ಪ್ಲಾಸ್ಟಿಕ್ ಅಲ್ಲ ಅಜ್ಜಿ, ಹಾಕಿಸಿದರೆ ಮನೆಯೊಳಗೆ ಪಿನ್ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ ಎಂದು ಅವನು ಜೋರಾಗಿ ಹೇಳಿದ. ಅಮ್ಮ ಕಿವಿಯ ಮಿಷೀನು ಸರಿಮಾಡಿಕೊಂಡು, “ನಂಗೆ ಅದು ಪುಕ್ಕಟೆ ಸಿಕ್ಕಿದೆ ಕಣಪ್ಪ” ಎಂದಳು.

ಕೊಟೇಶನ್‌ಗಳು ಬಂದವು. ಒಬ್ಬನ ಚದರಡಿ ದರ ಇನ್ನೊಬ್ಬನದರ ಎರಡರಷ್ಟು. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ನಡುಮನೆಯ ಕಿಟಕಿಯ ನೆತ್ತಿ ಕಮಾನಿನದು. ಆದರೆ ಅವರು ಅಳೆಯುವುದು ಚೌಕಕ್ಕೆ. ಕಮಾನಿನ ಎರಡೂ ಪಕ್ಕದಲ್ಲಿ ಗಾಜಿಲ್ಲದ, ಬರೀ ಇಟ್ಟಿಗೆಯಿರುವ ಜಾಗಕ್ಕೂ ನಾನು ಕಿಟಕಿಯ ದರ, ಅದರ ಮೇಲೆ ತೆರಿಗೆ ಕೊಡಬೇಕು. ಹೀಗೆ ತೆರಿಗೆ ಕೊಟ್ಟವರಲ್ಲಿ ನಾನು ಮೊದಲನೆಯವನಲ್ಲ ಎಂಬುದೇ ಸಮಾಧಾನ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ತೆರಿಗೆ ಉಳಿಸಲು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿಸಿದರು. ಅಂಥ ಕುರುಡು ಕಿಟಕಿಗಳು ಅಲ್ಲಿನ ಹಳೇ ಬೀದಿಗಳಲ್ಲಿ ಇವತ್ತಿಗೂ ಕಾಣುತ್ತವೆ. ಸರ್ಕಾರವೇನು ಕಡಿಮೆಯೇ? 1784ರಲ್ಲಿ ಇಟ್ಟಿಗೆಯ ಮೇಲೂ ತೆರಿಗೆ ಹಾಕಿತು. ಆಮೇಲೆ 1850ರವರೆಗೆ ಕಿಟಕಿ ಇಟ್ಟರೂ ತೆರಿಗೆ, ಮುಚ್ಚಿದರೂ ತೆರಿಗೆ. ನಮ್ಮ ಪಾಲಿಕೆಯವರು ಯಾರೂ ಲಲಿತ ಪ್ರಬಂಧ ಓದುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ.

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆನಿಂತ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಗೆ ಕಿಟಕಿಯ ಖರ್ಚಿನ ಈ ತಾಪತ್ರಯ ಚೆನ್ನಾಗಿ ಗೊತ್ತಿತ್ತು. ಒಂದು ಚದರಡಿ ಕಿಟಕಿಗೆ ಬೀಳುವ ಖರ್ಚು ಅದೇ ಅಳತೆಯ ಗೋಡೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಆತ ಜನರಿಗೆ ಹೇಳುತ್ತಲೇ ಇದ್ದರು. ಚೌಕಟ್ಟು, ಗಾಜು ಯಾವುದೂ ಬೇಡ, ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಿ ಕಟ್ಟಿ ಎಂಬುದು ಅವರ ಸಲಹೆ. ಕೇರಳದಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ, ಸೊಗಸಾಗಿಯೂ ಇವೆ. ಹೆಂಡತಿಗೆ ಫೋಟೋ ತೋರಿಸಿದೆ. “ಇದರಲ್ಲಿ ಧೂಳು ಬರಲ್ವಾ?” ಎಂದಳು. ಬೇಕರ್ ಪ್ರಕರಣ ಅಲ್ಲಿಗೆ ಮುಗಿಯಿತು.

ಮೊದಲು ಪಡಸಾಲೆಯ ಕಿಟಕಿಗೆ ಕೈಹಾಕೋಣ ಎಂದರು ಕಂಪನಿಯವರು. ಹಳೇ ಚೌಕಟ್ಟು ಪೂರ್ತಿ ಕಿತ್ತು ಹೊಸದನ್ನು ಕೂರಿಸಿದರೆ ಮಾತ್ರ ವಾರಂಟಿಯಂತೆ. ಅವರ ಕಡೆಯ ಗಾರೆಯಾಳು ಸುತ್ತಿಗೆ ಉಳಿ ಹಿಡಿದು ಬಂದ. ಮರದ ಚೌಕಟ್ಟು ಗೋಡೆಯಲ್ಲಿ ಸುಮ್ಮನೆ ನಿಂತಿರುವುದಿಲ್ಲ. ಮೇಲಿನ ಕೆಳಗಿನ ಪಟ್ಟಿಗಳ ತುದಿಗಳು ಕೊಂಬುಗಳಾಗಿ ಎರಡೂ ಪಕ್ಕದ ಇಟ್ಟಿಗೆಯೊಳಗೆ ಚಾಚಿರುತ್ತವೆ. ನಿಲುವುಪಟ್ಟಿಗಳಿಂದ ಕಬ್ಬಿಣದ ಹೋಲ್ಡ್‌ಫಾಸ್ಟುಗಳು ಗೋಡೆಯ ಒಳಕ್ಕೆ ಹೋಗಿ ತುದಿಯಲ್ಲಿ ಕವಲೊಡೆದು ಗಾರೆಯಲ್ಲಿ ಹೂತಿರುತ್ತವೆ. ಗೋಡೆ ಕಟ್ಟುವಾಗಲೇ ಚೌಕಟ್ಟು ನಿಲ್ಲಿಸಿ ಸುತ್ತ ಇಟ್ಟಿಗೆ ಇಟ್ಟುಕೊಂಡು ಹೋದದ್ದು. ಆತ ಒಂದು ಹೋಲ್ಡ್‌ಫಾಸ್ಟು ಅಲ್ಲಾಡಿಸಿದರೆ ಅಂಗೈಯಗಲದ ಗಾರೆ ಉದುರುವುದು. ನಾಲ್ಕನೆಯದು ಬರುವಷ್ಟರಲ್ಲಿ ಕಿಟಕಿಯ ಸುತ್ತ ಒಂದು ಮೊಳ ಗೋಡೆ ಬೆತ್ತಲೆಯಾಯಿತು.

ನನಗಂತೂ ಅದು ಭಾಗ್ಯವೇ ಅನ್ನಿಸಿತು. ಹುಟ್ಟಿದಾಗಿನಿಂದ ಇದ್ದ ಮನೆಯ ಇಟ್ಟಿಗೆಯನ್ನು ನಾನು ನೋಡಿಯೇ ಇರಲಿಲ್ಲ. ಕೈಯಲ್ಲಿ ಅಚ್ಚು ಹಾಕಿದ ಇಟ್ಟಿಗೆ, ಒಂದೊಂದು ಒಂದೊಂದು ಬಣ್ಣ: ಗೂಡಿನ ಬೆಂಕಿಗೆ ಹತ್ತಿರವಿದ್ದದ್ದು ನೇರಳೆ, ದೂರವಿದ್ದದ್ದು ಕಿತ್ತಳೆ. ಸಡಿಲಾದ ಒಂದರ ಬೆನ್ನಿನ ಗುಂಡಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಒತ್ತಿತ್ತು, ಮಾಡಿದವನ ಗುರುತು. ಒಂದು ಅಂಚಿನಲ್ಲಿ ನಾಯಿಯ ಹೆಜ್ಜೆ. ಹಸಿ ಇಟ್ಟಿಗೆ ಒಣಗಲು ಹಾಕಿದ್ದಾಗ ಯಾವುದೋ ನಾಯಿ ಓಡಿಹೋಗಿದೆ. ಗಾರೆಯ ನಡುವೆ ಬಿಳಿ ಸುಣ್ಣದ ಹರಳುಗಳು. ಇನ್ನೂ ಸೋಜಿಗವೆಂದರೆ, ಒಳಗಡೆಯಿಂದ ಚೌಕಾಕಾರವಾಗಿ ಕಾಣುತ್ತಿದ್ದ ಕಿಟಕಿಯ ಮೇಲೆ ಗಿಲಾವಿನ ಹಿಂದೆ ಇಟ್ಟಿಗೆಯದೊಂದು ಕಮಾನು ಅಡಗಿತ್ತು. ಮೇಲಿನ ಗೋಡೆಯ ಭಾರವನ್ನು ಚೌಕಟ್ಟಿನ ಮೇಲೆ ಬಿಡದೆ ಎರಡೂ ಪಕ್ಕಕ್ಕೆ ದಾಟಿಸಲು ಕಟ್ಟಿದ್ದು. ತಾತನ ಮೇಸ್ತ್ರಿ ಯಾರಿಗೂ ಕಾಣದ ಜಾಗದಲ್ಲಿ ಅಷ್ಟು ಅಂದವಾಗಿ ಇಟ್ಟಿಗೆ ಕೂಡಿಸಿದ್ದ.

ಗಾರೆಯಾಳಿಗೆ ಈ ಸೌಂದರ್ಯದಲ್ಲಿ ಆಸಕ್ತಿಯಿರಲಿಲ್ಲ. ಅವನು ಡ್ರಿಲ್ ಹಾಕಿ ಆಂಕರ್ ಕೂರಿಸಿದ. ಅದು ಸುಣ್ಣದ ಸಂದಿನಲ್ಲಿ ಗಿರಗಿರ ತಿರುಗಿ ಹಿಟ್ಟು ಸಮೇತ ಹೊರಗೆ ಬಂತು. “ಇದು ಸುಣ್ಣದ ಗೋಡೆ ಸಾರ್, ಹಿಡಿಯಲ್ಲ. ಸುತ್ತ ಕಾಂಕ್ರೀಟ್ ಹಾಕಿ ಸಿಮೆಂಟ್ ಪ್ಲಾಸ್ಟರ್ ಮಾಡಿಬಿಡೋಣ” ಎಂದ. ಇದು ಹಳೇ ಇಟ್ಟಿಗೆ ಮನೆಗಳಿಗೆಲ್ಲ ದಿನವೂ ಆಗುತ್ತಿರುವ ಅನ್ಯಾಯ. ಸುಣ್ಣದ ಗಾರೆ ಮೆದು. ಮಳೆಯ ತೇವವನ್ನು ಹೀರಿ ಬಿಸಿಲಿಗೆ ಬಿಟ್ಟುಬಿಡುತ್ತದೆ. ಸಿಮೆಂಟು ಆ ಮೆದು ಇಟ್ಟಿಗೆಗಿಂತ ಗಟ್ಟಿ, ತೇವ ಹೊರಹೋಗಲು ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಎಳೆದುಕೊಂಡ ಉಪ್ಪು ಇಟ್ಟಿಗೆಯ ಮೈಯಲ್ಲೇ ಹರಳುಗಟ್ಟುತ್ತದೆ. ನಾಲ್ಕೈದು ಮಳೆಗಾಲದಲ್ಲಿ ಇಟ್ಟಿಗೆ ಪುಡಿಯಾಗಿ ಉದುರುತ್ತದೆ, ಮೇಲಿನ ಸಿಮೆಂಟು ಮಾತ್ರ ಗಟ್ಟಿಮುಟ್ಟಾಗಿ ನಿಂತಿರುತ್ತದೆ. ಬೇಡವೆಂದೆ. ಇಟ್ಟಿಗೆಯ ನಡುಮೈಗೆ ನಿಧಾನವಾಗಿ ಡ್ರಿಲ್ ಹಾಕಿಸಿ, ಹೇಗೋ ಆ ಒಂದು ಕಿಟಕಿ ನಿಲ್ಲಿಸಿ, ಉಳಿದ ಕೆಲಸ ತಡೆದೆ.

ಆಗ ಬಂದವನು ಆಚಾರಿ. ಹೆಚ್ಚು ಮಾತಿನ ಮನುಷ್ಯನಲ್ಲ. ಕಂಪನಿಯ ಹುಡುಗ ಲೇಸರ್ ಹಿಡಿದು ಒಂದೇ ಗಳಿಗೆಯಲ್ಲಿ ಬರೆದುಕೊಂಡು ಹೋಗಿದ್ದ ಅಳತೆಯನ್ನು ಆಚಾರಿ ದಾರ, ತೂಕದಗುಂಡು ಇಳಿಬಿಟ್ಟು ನೋಡಿದ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದ. ಮೂರೂ ಬೇರೆ ಬೇರೆ. ಮೂಲೆಯಿಂದ ಮೂಲೆಗೆ ಹಿಡಿದರೆ ಒಂದು ಕರ್ಣಕ್ಕೂ ಇನ್ನೊಂದಕ್ಕೂ ಮುಕ್ಕಾಲು ಅಂಗುಲ ವ್ಯತ್ಯಾಸ. ಹಳೇ ಗೋಡೆಯಲ್ಲಿ ಮಟ್ಟಸ ಚೌಕ ಸಿಕ್ಕಿದರೆ ಅನುಮಾನಪಡಬೇಕು ಎಂದ. ಆಮೇಲೆ ಉಳಿಯ ತುದಿಯಿಂದ ಚೌಕಟ್ಟುಗಳನ್ನು ಒಂದೊಂದಾಗಿ ಚುಚ್ಚುತ್ತ ಮನೆಯೆಲ್ಲ ಸುತ್ತಿದ. ಗೆದ್ದಲು ತಿಂದದ್ದು ಮರದ ಹೊರಗಿನ ಬಿಳಿ ಭಾಗವನ್ನು. ತೇಗದ ಚೇಗು ಇದ್ದಲ್ಲಿ ಅದು ಬಾಯಿ ಹಾಕಿಲ್ಲ. ನೀರು ನಿಲ್ಲುವ ಕೆಳಪಟ್ಟಿಗಳು ಕೆಲವು ಹೋಗಿವೆ, ಉಳಿದದ್ದೆಲ್ಲ ಗಟ್ಟಿ. “ಇಂಥ ಮರ ಈಗ ದುಡ್ಡು ಕೊಟ್ರೂ ಬರಲ್ಲ. ಇದನ್ನ ಕಿತ್ತು ಅದನ್ನ ಹಾಕ್ತೀರಾ?” ಎಂದು ಪಡಸಾಲೆಯ ಕಡೆ ನೋಡಿದ.

ಗಾಜಿನ ವಿಷಯದಲ್ಲೂ ಅವನದು ಇದೇ ಪಟ್ಟು. ನಮ್ಮ ಹಳೇ ಗಾಜುಗಳಲ್ಲಿ ಅಲೆಗಳಿವೆ. ತಲೆ ಸ್ವಲ್ಪ ಆಡಿಸಿದರೆ ಹೊರಗಿನ ತೆಂಗಿನಮರ ಬಳುಕುತ್ತದೆ. ಗಾಜು ದ್ರವವಂತೆ, ನೂರು ವರ್ಷದಲ್ಲಿ ನಿಧಾನವಾಗಿ ಕೆಳಕ್ಕೆ ಹರಿಯುತ್ತದಂತೆ ಎಂದು ಎಂಜಿನಿಯರಿಂಗ್ ಓದುವ ಅಣ್ಣನ ಮಗ ಹೇಳಿದ. ಹರಿಯುವುದಿಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟು ಮಾಡುವ ವಿದ್ಯೆಯನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದೇ 1959ರಲ್ಲಿ. ಅದಕ್ಕೂ ಮುಂಚೆ ಗಾಜನ್ನು ಎಳೆದು ಹಾಳೆ ಮಾಡುತ್ತಿದ್ದರು, ಅಲೆ ಉಳಿಯುತ್ತಿತ್ತು. ಬಳುಕುವ ತೆಂಗಿನಮರ ಬೇಕೋ ನೆಟ್ಟಗಿನದು ಬೇಕೋ ಎಂದು ಮನೆಯಲ್ಲಿ ಮತ ಹಾಕಿದರೆ ಬಳುಕುವುದಕ್ಕೇ ಬಹುಮತ ಬಂತು.

ಉಳಿದದ್ದು ರಸ್ತೆ ಕಡೆಯ ಸದ್ದು, ಧೂಳು. ಹೊಸ ಕಿಟಕಿಯನ್ನು ಗೋಡೆಯ ದಪ್ಪದಲ್ಲಿ ಎಲ್ಲಿ ಕೂರಿಸಬೇಕೆಂಬುದರ ಮೇಲೆ ಕಂಪನಿಯ ಸೂಪರ್‌ವೈಸರು, ಆಚಾರಿ, ನನ್ನ ಹೆಂಡತಿ ಮೂವರಿಗೂ ವಾದ ನಡೆಯಿತು. ತೀರ ಹೊರ ಅಂಚಿಗೇ ತಂದರೆ ಸಜ್ಜದ ರಕ್ಷಣೆ ತಪ್ಪಿ ಮಳೆ ಸೀದಾ ಸಂದಿಗೆ ಬಡಿಯುತ್ತದೆ. ನಡುವೆ ಕೂರಿಸಿದರೆ ಕಟ್ಟೆ ಎರಡು ಹೋಳಾಗಿ ಯಾವುದೂ ಯಾವುದಕ್ಕೂ ಬರುವುದಿಲ್ಲ. ಹಳೇ ಚೌಕಟ್ಟು, ಸರಳು, ಕದ ಎಲ್ಲ ಇದ್ದಲ್ಲೇ ಇರಲಿ, ಗೋಡೆಯ ಒಳ ಅಂಚಿನಲ್ಲಿ ಇನ್ನೊಂದು ಕಿಟಕಿ, ಒಳಕ್ಕೆ ತೆರೆಯುವಂಥದ್ದು ಹಾಕೋಣ ಎಂದವಳು ಹೆಂಡತಿ. ಒಂದೇ ಗೋಡೆಗೆ ಎರಡು ಕಿಟಕಿ ಯಾರಾದರೂ ಹಾಕಿಸುತ್ತಾರೆಯೇ ಎಂದು ಸೂಪರ್‌ವೈಸರು ನಕ್ಕ. ಶಿಕಾಗೋದ ಭಾವ ನಗಲಿಲ್ಲ. ಅವರ ಕಡೆಯ ಜನ ತಲೆತಲಾಂತರದಿಂದ ಚಳಿಗಾಲಕ್ಕೆಂದು ಕಿಟಕಿಯ ಹೊರಗೆ ಇನ್ನೊಂದು ಕಿಟಕಿ ತೊಡಿಸುತ್ತಾರಂತೆ, ಸ್ಟಾರ್ಮ್ ವಿಂಡೋ ಅಂತ. ಸದ್ದಿನ ಶಾಸ್ತ್ರವೂ ಹೆಂಡತಿಯ ಪರವೇ ಇತ್ತು. ಒತ್ತೊತ್ತಾಗಿ ಅಂಟಿಸಿದ ಎರಡು ಗಾಜಿಗಿಂತ ನಡುವೆ ನಾಲ್ಕಾರು ಅಂಗುಲ ಗಾಳಿ ಬಿಟ್ಟು ಇಟ್ಟ ಎರಡು ಗಾಜು ರಸ್ತೆಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆರು ಅಂಗುಲದ ಬ್ಲಾಕ್ ಗೋಡೆಯ ಫ್ಲಾಟಿನಲ್ಲಿ ಇದಕ್ಕೆ ಜಾಗವೆಲ್ಲಿ? ತಾತನ ಹದಿಮೂರೂವರೆ ಅಂಗುಲದಲ್ಲಿ ಧಾರಾಳವಾಗಿತ್ತು.

ಅಮ್ಮನ ಭರಣಿಯ ಗತಿಯೇನು ಎಂದು ಒಂದು ಸಂಜೆ ಚರ್ಚೆಯಾಯಿತು. ಅದು ಈಗ ಎರಡು ಕಿಟಕಿಗಳ ನಡುವಿನ ಕಟ್ಟೆಯಲ್ಲಿ ಕೂತಿದೆ. ಎರಡೂ ಕಡೆ ಗಾಜಿನ ಮುಚ್ಚಿಗೆ, ಮೂರು ಗಂಟೆಯವರೆಗೆ ಬಿಸಿಲು. ನಿಂಬೆಕಾಯಿ ಇಷ್ಟು ಬೇಗ ಎಂದೂ ಕಳಿತಿರಲಿಲ್ಲವೆಂದು ಅಮ್ಮ ಯುಪಿವಿಸಿಗೆ ಮೊದಲ ಸಲ ಒಳ್ಳೆಯ ಮಾತಾಡಿದಳು.

ಪಡಸಾಲೆಯ ಕಿಟಕಿಯ ಕತೆ ಮಾತ್ರ ಹೇಳದಿರುವುದೇ ಒಳ್ಳೆಯದು, ಆದರೂ ಹೇಳುತ್ತೇನೆ. ಜಾರುವ ಕಿಟಕಿಯ ಕೆಳಗಿನ ಟ್ರ್ಯಾಕಿನಲ್ಲಿ ಮಳೆನೀರು ಸೇರುವುದು ಸಹಜ. ಅದು ಹೊರಗೆ ಹೋಗಲೆಂದು ಪ್ರೊಫೈಲಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಫಿಟ್ಟಿಂಗಿಗೆ ಬಂದಿದ್ದ ಹುಡುಗ ಬಹಳ ಶ್ರದ್ಧಾವಂತ. ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ಸಿಲಿಕೋನ್ ತುಂಬಿದ್ದ. ಅಕ್ಟೋಬರಿನ ಒಂದು ಸಂಜೆ ಮಳೆಗೆ ಟ್ರ್ಯಾಕು ತುಂಬಿ, ಒಳಗೆ ಹರಿದು, ಸೋಫಾದ ಕೆಳಗೆ ಹೋಯಿತು. ಫೋನು ಮಾಡಿದರೆ ವಾರಂಟಿಯಲ್ಲಿ ಸಿಲಿಕೋನ್ ಬರುವುದಿಲ್ಲವೆಂದರು. ಕೊನೆಗೆ ಅಣ್ಣನ ಮಗ ಸೂಜಿ ಕಾಯಿಸಿಕೊಂಡು ಬಂದು ತೂತು ಬಿಡಿಸಿದ. ಗಾಜು ಹರಿಯುತ್ತದೆ ಎಂದಿದ್ದಕ್ಕೆ ಪ್ರಾಯಶ್ಚಿತ್ತವಾಯಿತು.

ರಸ್ತೆ ಕಡೆಯ ಕೋಣೆಗಳಲ್ಲಿ ಈಗ ಕದ ಮುಚ್ಚಿದರೆ ಟೈಲ್ಸ್ ಮೆಷೀನು ದೂರದ ಯಾವುದೋ ಬಡಾವಣೆಯದು ಅನ್ನಿಸುತ್ತದೆ. ಸೊಪ್ಪಿನವಳ ಕೂಗೂ ಅಷ್ಟೇ ದೂರ ಹೋಗಿದೆ. ಅವಳು ಎರಡು ಸಲ ಕೂಗಿ, ಈ ಮನೆಯವರು ಸೊಪ್ಪು ಬಿಟ್ಟರೇನೋ ಎಂದುಕೊಂಡು ಮುಂದೆ ಹೋದಳು. ದಂಟಿನ ಸೊಪ್ಪಿಲ್ಲದೆ ಒಂದು ವಾರ ಕಳೆದ ಮೇಲೆ ಹೆಂಡತಿ ಬೆಳಗ್ಗೆ ಏಳರಿಂದ ಎಂಟರವರೆಗೆ ಎರಡೂ ಕಿಟಕಿ ತೆರೆದಿಡುವ ಕಾನೂನು ಮಾಡಿದ್ದಾಳೆ. ಆ ಒಂದು ಗಂಟೆ ಧೂಳು, ಹಾರ್ನು, ಸೊಪ್ಪು, ಪಕ್ಕದ ಮನೆಯ ಒಗ್ಗರಣೆ, ಒಮ್ಮೊಮ್ಮೆ ಕೋತಿಯ ಕೈ ಎಲ್ಲಕ್ಕೂ ಮುಕ್ತ ಪ್ರವೇಶ. ಉಳಿದ ಕಿಟಕಿಗಳಲ್ಲಿ ಆಚಾರಿ ಕೊಳೆತ ಕೆಳಪಟ್ಟಿ ಕತ್ತರಿಸಿ ಹಳೇ ತೇಗದ್ದೇ ತುಂಡು ಕೂಡಿಸಿ, ಕದಗಳ ಅಂಚನ್ನು ಒಂದೆರಡು ನೂಲು ಹೆರೆದು, ಅಗಸೆ ಎಣ್ಣೆ ಕುಡಿಸಿ ಹೋಗಿದ್ದಾನೆ. ಬಣ್ಣ ಕೆರೆಯುವಾಗ ಮಾಸ್ಕ್ ಕಟ್ಟಿಕೊಳ್ಳಲು ಅವನನ್ನು ಒಪ್ಪಿಸಿದ್ದು ಈ ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ.

ಹಳೇ ಇಟ್ಟಿಗೆ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಕಂಪನಿಯವರಿಗೆ ಅಡ್ವಾನ್ಸ್ ಕೊಡುವ ಮುನ್ನ ಒಬ್ಬ ಬಡಗಿಯನ್ನು ಕರೆಸಿ ಚೌಕಟ್ಟು ಚುಚ್ಚಿಸಿ ನೋಡಿ. ಗಟ್ಟಿಯಿದ್ದರೆ ಕೀಳಿಸಬೇಡಿ, ಕೀಳಲೇಬೇಕಾದರೆ ಸುತ್ತಲಿನ ಗಾರೆಗೆ ಸುಣ್ಣವನ್ನೇ ಹಾಕಿಸಿ. ಕಿತ್ತ ಮರವನ್ನು ಗುಜರಿಯವನಿಗೆ ಕೊಡಬೇಡಿ, ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಕೆಳಪಟ್ಟಿಗೆ ಬೇಕಾಗಿರುತ್ತದೆ. ನಮ್ಮ ಆಚಾರಿಯ ನಂಬರು ಮಾತ್ರ ಸದ್ಯಕ್ಕೆ ಕೇಳಬೇಡಿ. ವೆಂಟಿಲೇಟರುಗಳ ಕೆಲಸ ಇನ್ನೂ ಪೂರ್ತಿ ಬಾಕಿಯಿದೆ.